ಈಜಿನ ಹಂಗಾಮನ್ನು ಹಿಂದಿನಿಂದ ಎಣಿಸಬೇಕು

ನಮ್ಮ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇವೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ನಳಕ್ಕೆ ನೀರು ಬಿಟ್ಟ ದಿನ, ಎಲ್ಲ ಅದರಲ್ಲೇ. ನೀರು ಬಿಟ್ಟ ದಿನವನ್ನು ಯಾಕೆ ಬರೆದಿಡಬೇಕು ಅಂತ ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ವರ್ಷದ ಹಿಂದೆ ಅದೇ ಕ್ಯಾಲೆಂಡರ್‌ಗೆ ಮಗಳ ಈಜಿನ ಲೆಕ್ಕವೂ ಸೇರಿತು. ಆ ವರ್ಷದ ಹಾಳೆಗಳನ್ನು ನಾನು ಇನ್ನೂ ಎಸೆದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ "ಕೊಳ ಶುರು" ಅಂತ ಬರೆದಿದ್ದೇನೆ. ಅಲ್ಲಿಂದ ಮುಂದೆ ದಿನಾ ಎಷ್ಟು ಮೀಟರ್ ಈಜಿದಳು ಅನ್ನುವ ಅಂಕಿ. 1500, 1800, 2000, 2500, ಹೀಗೆ ಏರುತ್ತಲೇ ಹೋಗುತ್ತದೆ. ರಾಜ್ಯ ಮಟ್ಟದ ಸ್ಪರ್ಧೆಗೆ ಇನ್ನು ಮೂರೇ ದಿನ ಇರುವಾಗ ಇಡೀ ವರ್ಷದ ದೊಡ್ಡ ಅಂಕಿ ಇದೆ, 5000. ಸ್ಪರ್ಧೆಯ ದಿನ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವಳು ಮೇ ತಿಂಗಳ ಅಭ್ಯಾಸದಲ್ಲಿ ಈಜಿದ್ದಕ್ಕಿಂತ ಎರಡು ಸೆಕೆಂಡು ನಿಧಾನವಾಗಿ ಮುಗಿಸಿದಳು.

ವಾಪಸ್ ಬರುವಾಗ ರೈಲಿನಲ್ಲಿ ಅವಳು ಕೇಳಿದ್ದು ಒಂದೇ ಮಾತು. "ಇಷ್ಟು ಈಜಿದ ಮೇಲೂ ಯಾಕೆ ಹೀಗಾಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಹೇಳಿಕೊಡುತ್ತಿದ್ದವರನ್ನು ನಾನು ದೂರುವುದಿಲ್ಲ. ಇನ್ನೂ ಜಾಸ್ತಿ ಈಜಿಸಿ ಅಂತ ಅವರ ಬೆನ್ನು ಹತ್ತಿದ್ದು ನಾನೇ. ಆಮೇಲೆ ಓದಿ, ಬಲ್ಲವರನ್ನು ಕೇಳಿ, ಎರಡು ಹಂಗಾಮು ಪಟ್ಟಿ ಬರೆದು ನೋಡಿದ ಮೇಲೆ ಗೊತ್ತಾಗಿದ್ದು ಇಷ್ಟು. ನಾವು ಕೊಳದ ಬಾಗಿಲು ತೆರೆದ ದಿನದಿಂದ ಮುಂದಕ್ಕೆ ಎಣಿಸಿದ್ದೆವು. ಎಣಿಸಬೇಕಾದದ್ದು ಸ್ಪರ್ಧೆಯ ದಿನದಿಂದ ಹಿಂದಕ್ಕೆ.

ಇದು ನಮ್ಮ ಕಡೆಯವರಿಗೆ ಹೊಸ ಬುದ್ಧಿಯೇನಲ್ಲ. ನವಲಗುಂದದ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವವರು ಮಳೆ ಬಂತು ಅಂತ ಸುಮ್ನೆ ಬೀಜ ಹಾಕುವುದಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಮಣ್ಣಿನಲ್ಲಿ ತೇವ ಉಳಿದಿರಬೇಕು, ಹಾಗಾದರೆ ಬಿತ್ತನೆ ಯಾವಾಗ ಆಗಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ದೊಡ್ಡ ಈಜುಗಾರರ ತರಬೇತುದಾರರು ಮಾಡುವುದೂ ಇದನ್ನೇ.

ಮೊದಲು ಮೈಯಲ್ಲಿ ಏನಾಗುತ್ತದೆ ಅಂತ ನೋಡೋಣ. ಗಟ್ಟಿಯಾಗಿ ಈಜಿದ ದಿನ ಈಜುಗಾರ ಬಲಶಾಲಿ ಆಗುವುದಿಲ್ಲ, ದಣಿಯುತ್ತಾನೆ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಇಂಧನ ಖಾಲಿಯಾಗುತ್ತದೆ, ಎಳೆಗಳು ಸಣ್ಣಗೆ ಹರಿಯುತ್ತವೆ. ಉಂಡು ಮಲಗಿದಾಗ ಮೈ ಅದನ್ನು ರಿಪೇರಿ ಮಾಡುತ್ತದೆ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಗಟ್ಟಿ ಮಾಡುತ್ತದೆ. ಆ ಸ್ವಲ್ಪವೇ ಲಾಭ. ರಿಪೇರಿ ಮುಗಿಯುವ ಮೊದಲೇ ಮತ್ತೆ ದಣಿಸಿದರೆ, ಅದರ ಮೇಲೆ ಮತ್ತೊಮ್ಮೆ ದಣಿಸಿದರೆ, ಲಾಭ ಒಳಗೆ ಇದ್ದರೂ ದಣಿವಿನ ಕೆಳಗೆ ಮುಚ್ಚಿಹೋಗಿರುತ್ತದೆ. ಅಂತಹ ದಣಿವನ್ನು ಹಂಗಾಮಿನ ನಡುವೆ ಬೇಕಂತಲೇ ಕಟ್ಟುತ್ತಾರೆ, ಕೊನೆಗೆ ಬೇಕಂತಲೇ ಇಳಿಸುತ್ತಾರೆ. ಮಗಳು ಸ್ಪರ್ಧೆಗೆ ಹೋದಾಗ ಆ ಹೊರೆ ಪೂರ್ತಿ ಅವಳ ಹೆಗಲ ಮೇಲೇ ಇತ್ತು.

ವರ್ಷವನ್ನು ದೊಡ್ಡ ಭಾಗ, ನಡು ಭಾಗ, ವಾರ ಅಂತ ಒಡೆದು ಯೋಜನೆ ಬರೆಯುವ ಪದ್ಧತಿಗೆ ಗಟ್ಟಿ ರೂಪ ಕೊಟ್ಟವರು ಸೋವಿಯತ್ ರಷ್ಯಾದ ಲೆವ್ ಮತ್ವೇಯೆವ್, 1960ರ ದಶಕದಲ್ಲಿ. ಈಜಿನಲ್ಲಿ ಸ್ಪರ್ಧೆಯ ಮುಂಚಿನ ವಿಶ್ರಾಂತಿಯನ್ನು ಲೆಕ್ಕ ಹಾಕಿ ಕೊಡಲು ಶುರು ಮಾಡಿದವರು ಆಸ್ಟ್ರೇಲಿಯಾದ ಈಜು ತರಬೇತುದಾರ ಫೋರ್ಬ್ಸ್ ಕಾರ್ಲೈಲ್ ಮತ್ತು ಶರೀರಶಾಸ್ತ್ರದ ಪ್ರೊಫೆಸರ್ ಫ್ರಾಂಕ್ ಕಾಟನ್. ಅದಕ್ಕೆ ಟೇಪರ್ ಅನ್ನುವ ಹೆಸರು ನಿಂತಿತು. ಮೇಣದಬತ್ತಿ ತುದಿಗೆ ಬರುತ್ತಾ ಸಣ್ಣದಾಗುತ್ತದಲ್ಲ, ಹಾಗೆ ಕೆಲಸವನ್ನು ಸಣ್ಣದು ಮಾಡುತ್ತಾ ಬರುವುದು.

ಈಗ ಹಿಂದಕ್ಕೆ ಎಣಿಸೋಣ. ಸ್ಪರ್ಧೆಯ ದಿನ ಸೊನ್ನೆ. ಅದರ ಹಿಂದಿನ ಎರಡು, ಕೆಲವರಿಗೆ ಮೂರು ವಾರ ಟೇಪರ್. ಅದಕ್ಕೂ ಹಿಂದಿನ ನಾಲ್ಕೈದು ವಾರ ಸ್ಪರ್ಧೆಯ ವೇಗದ ಕೆಲಸ. 200 ಮೀಟರ್ ಈಜುವವರಾದರೆ ತಮ್ಮ ಗುರಿಯ ವೇಗದಲ್ಲೇ 50 ಮೀಟರ್, ಸ್ವಲ್ಪ ಉಸಿರು, ಮತ್ತೆ 50. ಅದಕ್ಕೂ ಹಿಂದೆ ಏಳೆಂಟು ವಾರ ಅತಿ ಭಾರದ ಕಾಲ. ದೂರವೂ ಜಾಸ್ತಿ, ಜೋರೂ ಜಾಸ್ತಿ. ಅದರ ಹಿಂದೆ ಐದಾರು ವಾರ ಬುನಾದಿ. ಉದ್ದ ಈಜು, ಸಮಾಧಾನದ ವೇಗ, ಕೈ ಹಾಕುವ ರೀತಿ ತಿದ್ದುವುದು, ಗೋಡೆ ಹತ್ತಿರ ತಿರುಗುವ ರೀತಿ (ಟರ್ನ್) ತಿದ್ದುವುದು. ಎಲ್ಲ ಕೂಡಿದರೆ ಸುಮಾರು 20 ವಾರ ಆಗುತ್ತದೆ. ಅಂದರೆ ಜುಲೈ ಮೊದಲ ವಾರದಲ್ಲಿ ಸ್ಪರ್ಧೆ ಇದ್ದರೆ ಫೆಬ್ರುವರಿ ನಡುವಿನಲ್ಲೇ ನೀರಿನಲ್ಲಿರಬೇಕು. ಏಪ್ರಿಲ್‌ನಲ್ಲಿ ಶುರು ಮಾಡಿದವರಿಗೆ ಬುನಾದಿ ಇಲ್ಲ, ಟೇಪರ್‌ಗೆ ಜಾಗವೂ ಇಲ್ಲ, ನಡುವಿನ ಭಾರ ಮಾತ್ರ ಸಿಗುತ್ತದೆ. ನಮಗೆ ಆಗಿದ್ದು ಇದೇ.

ದೂರದ ಬಗ್ಗೆ ಒಂದು ಮಾತು. ಜಗತ್ತಿನ ಮುಂದಿನ ಸಾಲಿನ ಈಜುಗಾರರು ಭಾರದ ಕಾಲದಲ್ಲಿ ವಾರಕ್ಕೆ 40ರಿಂದ 70 ಕಿಲೋಮೀಟರ್ ಈಜುತ್ತಾರೆ, 50 ಮತ್ತು 100 ಮೀಟರ್‌ನವರು ಅದಕ್ಕಿಂತ ಕಡಿಮೆ. 50 ಕಿಲೋಮೀಟರ್ ಅಂದರೆ 50 ಮೀಟರ್ ಕೊಳದಲ್ಲಿ ಸಾವಿರ ಲ್ಯಾಪ್. ಲ್ಯಾಪ್‌ಗೆ 40 ಸಲ ಕೈ ಹಾಕಿದರೆ 40 ಸಾವಿರ ಸಲ, ಒಂದೊಂದು ಭುಜದ ಪಾಲಿಗೆ 20 ಸಾವಿರ. ಇದು ಒಂದೇ ವಾರದ ಲೆಕ್ಕ. ವರ್ಷಗಟ್ಟಲೆ ಕಟ್ಟಿಕೊಂಡು ಬಂದ ಭುಜ ಅದನ್ನು ತಡೆಯುತ್ತದೆ. ಹದಿಮೂರು ವರ್ಷದ ಹುಡುಗಿಯ ಭುಜ, ಅದೂ ಸರ್ರನೆ ಎತ್ತರ ಬೆಳೆಯುತ್ತಿರುವ ವರ್ಷದಲ್ಲಿ, ತಡೆಯುವುದಿಲ್ಲ. ದೊಡ್ಡವರ ಪಟ್ಟಿಯನ್ನು ಅಂತರ್ಜಾಲದಿಂದ ಇಳಿಸಿಕೊಂಡು ಮಕ್ಕಳಿಗೆ ಈಜಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇಷ್ಟಕ್ಕೂ ಬರೀ ದೂರ ಹೆಚ್ಚಿಸಿದರೆ ವೇಗ ಬರುತ್ತದಾ? ಅಮೆರಿಕದ ಡೇವಿಡ್ ಕಾಸ್ಟಿಲ್ ಮತ್ತು ಅವರ ತಂಡ ಇದನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿತು. ಕಾಲೇಜು ಈಜುಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಗಂಟೆ ಈಜಿತು. ಇನ್ನೊಂದು ಆರು ವಾರ ಬೆಳಗ್ಗೆ, ಸಂಜೆ ಒಂದೂವರೆ ಗಂಟೆಯಂತೆ ಎರಡು ಪಾಳಿ ಈಜಿತು. ಎರಡು ಪಾಳಿ ಮಾಡಿದವರಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ. ಆ ಆರು ವಾರದಲ್ಲಿ ಚಿಕ್ಕ ದೂರವನ್ನು ಜೋರಾಗಿ ಈಜುವ ಅವರ ವೇಗ ಇಳಿಯಿತು ಕೂಡ. ಒಂದು ಅಧ್ಯಯನ ನೋಡಿ ಎರಡು ಪಾಳಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ, 400 ಮತ್ತು 1500 ಮೀಟರ್‌ನವರಿಗೆ ದೂರ ಬೇಕೇ ಬೇಕು. ಆದರೆ "ಅವರ ಮಗ ಎರಡು ಹೊತ್ತು ಈಜ್ತಾನಂತೆ" ಅನ್ನುವ ಒಂದೇ ಕಾರಣಕ್ಕೆ ನಮ್ಮ ಮಗುವನ್ನೂ ಎರಡು ಹೊತ್ತು ಇಳಿಸಬೇಕಾಗಿಲ್ಲ, ಅಲ್ವಾ?

ಟೇಪರ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಎಡವುವುದು ಇಲ್ಲೇ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚಿನ ಮೂರು ವಾರದಲ್ಲಿ ಈಜುಗಾರರ ಸಮಯ ಎಷ್ಟು ಸುಧಾರಿಸಿತು ಅಂತ ಕ್ರೀಡಾ ವಿಜ್ಞಾನಿ ಇನಿಗೋ ಮುಹಿಕಾ ಮತ್ತು ಜೊತೆಗಾರರು ಲೆಕ್ಕ ಹಾಕಿದ್ದಾರೆ. 99 ಫಲಿತಾಂಶಗಳ ಸರಾಸರಿ ಸುಮಾರು ಶೇಕಡಾ 2.2. ಕೇಳಲು ಚಿಕ್ಕದು. ನಿಮಿಷಕ್ಕೆ 100 ಮೀಟರ್ ಈಜುವವರಿಗೆ ಅದು 1.3 ಸೆಕೆಂಡು. ರಾಜ್ಯ ಮಟ್ಟದ ಫೈನಲ್‌ನಲ್ಲಿ 1.3 ಸೆಕೆಂಡಿನೊಳಗೆ ಎಷ್ಟು ಮಕ್ಕಳು ಗೋಡೆ ಮುಟ್ಟುತ್ತಾರೆ ಅಂತ ದಂಡೆಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತವರಿಗೆ ಗೊತ್ತು. ಬೇರೆ ಬೇರೆ ಆಟಗಳ ಅಧ್ಯಯನಗಳನ್ನು ಒಟ್ಟು ಮಾಡಿ 2007ರಲ್ಲಿ ಬಂದ ಲೆಕ್ಕದ ಪ್ರಕಾರ ಹೆಚ್ಚು ಫಲ ಕೊಡುವ ಟೇಪರ್ ಸುಮಾರು ಎರಡು ವಾರದ್ದು, ಈಜುವ ದೂರ ಶೇಕಡಾ 41ರಿಂದ 60ರಷ್ಟು ಇಳಿಯಬೇಕು. ವೇಗ ಇಳಿಯಬಾರದು. ವಾರಕ್ಕೆ ಎಷ್ಟು ದಿನ ನೀರಿಗೆ ಇಳಿಯುತ್ತಿದ್ದರೋ ಅದೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು.

ಅಂದರೆ ಟೇಪರ್ ರಜೆ ಅಲ್ಲ. ಇದನ್ನು ಎರಡೂ ಕಡೆಯಿಂದ ತಪ್ಪು ತಿಳಿಯುತ್ತಾರೆ. ಕೆಲವರು ಪೂರ್ತಿ ನಿಲ್ಲಿಸಿಬಿಡುತ್ತಾರೆ, ಆಗ ನೀರಿನ ಹಿಡಿತ ತಪ್ಪುತ್ತದೆ. ಈಜುಗಾರರಿಗೆ ಅಂಗೈಯಲ್ಲಿ ನೀರು "ಸಿಗುವ" ಒಂದು ಅನುಭವ ಇರುತ್ತದೆ, ನಾಲ್ಕೇ ದಿನ ದಂಡೆ ಮೇಲೆ ಇದ್ದರೂ ಅದು ಜಾರುತ್ತದೆ. ಹೆಚ್ಚಿನವರು ಇನ್ನೊಂದು ತಪ್ಪು ಮಾಡುತ್ತಾರೆ. ಟೇಪರ್‌ನ ನಾಲ್ಕನೇ, ಐದನೇ ದಿನ ಮಗುವಿಗೆ ಮೈ ಭಾರ ಅನ್ನಿಸುತ್ತದೆ. ಕಾಲು ಸೀಸದ ಹಾಗೆ, ಸಿಟ್ಟು ಬೇಗ, ನಿದ್ದೆ ಸರಿಯಿಲ್ಲ. ಇದು ಲೋಕದ ಎಲ್ಲ ಈಜುಗಾರರಿಗೂ ಗೊತ್ತಿರುವ ಸಂಗತಿ, ಕೆಲವೇ ದಿನದಲ್ಲಿ ಕಳೆಯುತ್ತದೆ. ಆದರೆ ದಂಡೆಯಲ್ಲಿ ಕೂತ ಅಪ್ಪ ಅಮ್ಮನಿಗೆ ಕೈಕಾಲು ಆಡುವುದಿಲ್ಲ. "ನೋಡ್ರಿ, ಈಜೋದು ಕಡಿಮೆ ಮಾಡಿದ್ದಕ್ಕೆ ಹೀಗಾಯ್ತು" ಅಂತ ಮತ್ತೆ ಮೂರು ಸಾವಿರ ಮೀಟರ್ ಹಾಕಿಸುತ್ತಾರೆ. ಇಳಿಯುತ್ತಿದ್ದ ದಣಿವು ಮತ್ತೆ ಏರುತ್ತದೆ. ಹೋದ ಹಂಗಾಮಿನಲ್ಲಿ ಮಗಳು ಮೈ ಭಾರ ಅಂದಾಗ ನನಗೂ ಹಾಗೇ ಆಯಿತು. ಆ ಸಂಜೆ ಬಾಯಿ ಬಿಗಿಹಿಡಿದು ಅವಳಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದ್ದು ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಒಂದು. ಮೈಕೆಲ್ ಫೆಲ್ಪ್ಸ್ ಭಾನುವಾರವೂ ಬಿಡದೆ ಈಜುತ್ತಿದ್ದ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ನಿಜ, ಈಜುತ್ತಿದ್ದ. ದೊಡ್ಡ ಸ್ಪರ್ಧೆಗೆ ಮುಂಚೆ ಟೇಪರ್ ಮಾಡುತ್ತಿದ್ದ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಿಂದಕ್ಕೆ ಎಣಿಸುವುದು ಎಷ್ಟು ಕಠಿಣ ಅಂತ ತಿಳಿಯಬೇಕಾದರೆ 2021ನ್ನು ನೋಡಬೇಕು. ಜೂನ್ 26ರಂದು ರೋಮ್‌ನ ಸೆಟ್ಟೆ ಕೊಲ್ಲಿ ಸ್ಪರ್ಧೆಯಲ್ಲಿ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯನ್ನು 1:56.38ರಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ನೇರ ಅರ್ಹತೆಗೆ ಬೇಕಿದ್ದದ್ದು 1:56.48. ಹಾಗೆ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ ಅವರೇ. ಅಲ್ಲೇ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77, ಬೇಕಿದ್ದದ್ದು 53.85. ಅರ್ಹತೆಯ ಗಡುವು ಜೂನ್ 27. ಇಬ್ಬರೂ ಗಡುವಿನ ಅಂಚಿನಲ್ಲಿ ತಮ್ಮ ಹದವನ್ನು ಪೂರ್ತಿ ಖರ್ಚು ಮಾಡಿ ದಾಟಿದರು. ನಾಲ್ಕು ವಾರ ಕಳೆದು ಟೋಕಿಯೊದಲ್ಲಿ ಶ್ರೀಹರಿ 54.31, ಸಾಜನ್ 1:57.22. ಇಬ್ಬರೂ ರೋಮ್‌ಗಿಂತ ನಿಧಾನ.

ಇದರಲ್ಲಿ ಅವರ ತಪ್ಪು ಒಂದಿಷ್ಟೂ ಇಲ್ಲ. 2020ರಲ್ಲಿ ಕೊರೊನಾ ಕಾರಣಕ್ಕೆ ದೇಶದ ಕೊಳಗಳು ತಿಂಗಳುಗಟ್ಟಲೆ ಮುಚ್ಚಿದ್ದವು, ಸ್ಪರ್ಧೆಗಳೂ ಇರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಅವರ ಮುಂದಿದ್ದ ಕಷ್ಟ ಇದು. ಅರ್ಹತೆ ಪಡೆಯಲೇ ಒಮ್ಮೆ ಪೂರ್ತಿ ಟೇಪರ್ ಬೇಕು. ಆಮೇಲೆ ಉಳಿಯುವ ನಾಲ್ಕು ವಾರದಲ್ಲಿ ಮತ್ತೆ ಭಾರ ಹಾಕಿ, ಮತ್ತೆ ಇಳಿಸಿ, ಎರಡನೇ ಸಲ ಹದಕ್ಕೆ ಬರಬೇಕು. ಅಮೆರಿಕದವರ ಆಯ್ಕೆ ಸ್ಪರ್ಧೆಯೂ ಒಲಿಂಪಿಕ್ಸ್‌ಗೆ ಹತ್ತಿರದಲ್ಲೇ ಇರುತ್ತದೆ. 2024ರಲ್ಲಿ ಜೂನ್ 15ರಿಂದ 23ರವರೆಗೆ ಆಯ್ಕೆ, ಜುಲೈ 27ಕ್ಕೆ ಪ್ಯಾರಿಸ್‌ನಲ್ಲಿ ಈಜು ಶುರು. ಆದರೆ ಅವರಿಗೆ ಆ ತಾರೀಖು ಬಹಳ ಮೊದಲೇ ಗೊತ್ತಿರುತ್ತದೆ. ಎರಡು ಸಲ ಹದಕ್ಕೆ ಬರುವ, ಅಂದರೆ ಎರಡು ಶಿಖರಗಳ ಯೋಜನೆಯನ್ನು ವರ್ಷದ ಮೊದಲೇ ಬರೆದಿಟ್ಟಿರುತ್ತಾರೆ.

2026ರ ಕ್ಯಾಲೆಂಡರ್‌ನಲ್ಲೂ ಅದೇ ಪ್ರಶ್ನೆ ಇದೆ. ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟ ಜುಲೈ 23ರಿಂದ ಆಗಸ್ಟ್ 2. ಜಪಾನಿನ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಒಂದು ಮುಗಿದು ಇನ್ನೊಂದು ಶುರುವಾಗಲು 48 ದಿನ, ಅಂದರೆ ಏಳು ವಾರ. ನಾಲ್ಕು ವಾರಕ್ಕಿಂತ ಇದು ಎಷ್ಟೋ ವಾಸಿ. ಒಂದು ವಾರ ಹಗುರ, ಮೂರು ವಾರ ಭಾರ, ಒಂದು ವಾರ ಸ್ಪರ್ಧೆಯ ವೇಗ, ಎರಡು ವಾರ ಟೇಪರ್ ಅಂತ ಒಂದು ಪುಟ್ಟ ಹಂಗಾಮು ಕಟ್ಟಬಹುದು. ನನ್ನನ್ನು ಕೇಳಿದರೆ ಏಷ್ಯನ್ ಕೂಟವನ್ನೇ ದೊಡ್ಡ ಶಿಖರ ಮಾಡಿಕೊಂಡು ಗ್ಲಾಸ್ಗೋಗೆ ಅರ್ಧ ಟೇಪರ್‌ನಲ್ಲಿ ಹೋಗುವುದು ಜಾಣತನ. ಏಷ್ಯನ್ ಕೂಟದ ಈಜಿನಲ್ಲಿ ನಮಗೆ ಪದಕ ಅಪರೂಪ. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ, 2010ರಲ್ಲಿ ವೀರಧವಲ್ ಖಾಡೆ ಕಂಚು. ಎರಡರಲ್ಲೂ ಪೂರ್ತಿ ಹದಕ್ಕೆ ಬರುತ್ತೇವೆ ಅಂತ ಹೊರಟರೆ ಎರಡೂ ಅರ್ಧವಾಗುವ ಅಪಾಯ ಇದೆ.

ದೊಡ್ಡವರ ಕಷ್ಟವೇ ಹೀಗಿರುವಾಗ ನಮ್ಮ ರಾಷ್ಟ್ರೀಯ ಸ್ಪರ್ಧೆಯ ತಾರೀಖು ನೋಡಿ. ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ 2023ರಲ್ಲಿ ಹೈದರಾಬಾದಿನಲ್ಲಿ ಜುಲೈಗೆ ನಡೆಯಿತು. 2024ರಲ್ಲಿ ಮಂಗಳೂರಿನಲ್ಲಿ ಸೆಪ್ಟೆಂಬರ್‌ಗೆ. 2025ರಲ್ಲಿ ಭುವನೇಶ್ವರದಲ್ಲಿ ಜೂನ್‌ಗೆ. ಹಿಂದಕ್ಕೆ ಎಣಿಸಬೇಕಾದ ಸೊನ್ನೆಯೇ ವರ್ಷ ವರ್ಷ ಎರಡು ಮೂರು ತಿಂಗಳು ಅತ್ತಿತ್ತ ಸರಿದರೆ, ಫೆಬ್ರುವರಿಯಲ್ಲಿ ಕೂತು ಪಟ್ಟಿ ಬರೆಯುವ ತರಬೇತುದಾರ ಏನು ಮಾಡಬೇಕು? ಅದರ ಕೆಳಗಿನ ರಾಜ್ಯ, ಜಿಲ್ಲೆ, ಶಾಲಾ ಸ್ಪರ್ಧೆಗಳೂ ಅದರ ಬೆನ್ನಿಗೇ ಸರಿಯುತ್ತವೆ. ಹಾಗಾಗಿ ಮಕ್ಕಳು ಕರೆದ ಎಲ್ಲ ಸ್ಪರ್ಧೆಗೂ ಹೋಗುತ್ತಾರೆ, ಎಲ್ಲದಕ್ಕೂ ಸಾಯುವಷ್ಟು ಈಜುತ್ತಾರೆ. ವರ್ಷಕ್ಕೆ ಒಂದು ಅಥವಾ ಎರಡು ಸ್ಪರ್ಧೆ ಮಾತ್ರ ಗುರಿ, ಉಳಿದವು ಅಭ್ಯಾಸದ ಭಾಗ, ಅಲ್ಲಿ ದಣಿದ ಮೈಯಲ್ಲೇ ಈಜಿ ನಾಲ್ಕನೇ ಸ್ಥಾನ ಬಂದರೂ ಪರವಾಗಿಲ್ಲ ಅಂತ ಮನೆಯವರೇ ಮೊದಲು ಒಪ್ಪಿಕೊಳ್ಳಬೇಕು. ಇದು ಕಷ್ಟ. ಶಾಲೆಯಲ್ಲಿ ಪದಕ ಕೇಳುತ್ತಾರೆ, ನೆಂಟರು ಕೇಳುತ್ತಾರೆ.

ಹುಬ್ಬಳ್ಳಿ-ಧಾರವಾಡದಲ್ಲಿ ಹಂಗಾಮು ಬರೆಯುವಾಗ ನಮ್ಮದೇ ಆದ ಕೆಲವು ಸಂಗತಿಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಮೊದಲನೆಯದು ಚಳಿ. ಸ್ಪರ್ಧೆಯ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮ. ನಮ್ಮ ಬಯಲು ಕೊಳದಲ್ಲಿ ಡಿಸೆಂಬರ್‌ನ ಒಂದು ಬೆಳಗ್ಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದಾಗ 20 ಇತ್ತು. ಅಂತಹ ನೀರಿನಲ್ಲಿ ಮಕ್ಕಳಿಗೆ ಉದ್ದ ಸೆಟ್ (ಒಂದೇ ಬಗೆಯ ಈಜಿನ ಸರಣಿ) ಕೊಟ್ಟರೆ ನಡುಗುವುದರಲ್ಲೇ ಶಕ್ತಿ ಹೋಗುತ್ತದೆ. ನಾವು ಕಂಡುಕೊಂಡ ದಾರಿ ಅಂದರೆ ಚಳಿಗಾಲದಲ್ಲಿ ಬಿಸಿಲು ಏರಿದ ಮೇಲೆ ವಾರಕ್ಕೆ ಮೂರು ದಿನ, 40 ನಿಮಿಷ ಮಾತ್ರ ನೀರು. ಉಳಿದ ದಿನ ನೆಲದ ಮೇಲೆ. ಪುಲ್-ಅಪ್, ರಬ್ಬರ್ ಪಟ್ಟಿ ಎಳೆದು ಭುಜದ ಹಿಂಭಾಗ ಗಟ್ಟಿ ಮಾಡುವುದು, ಹೊಟ್ಟೆ ಮತ್ತು ಸೊಂಟದ ವ್ಯಾಯಾಮ, ಉಣಕಲ್ ಕೆರೆ ಕಡೆ ಒಂದು ಓಟ. ಬುನಾದಿ ಅರ್ಧ ನೆಲದ ಮೇಲೆಯೇ ಬೀಳುತ್ತದೆ.

ಎರಡನೆಯದು ಪರೀಕ್ಷೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಭಾರದ ಕಾಲ ಬರುವುದೇ ಮಾರ್ಚ್‌ನಲ್ಲಿ. ಆಗ ಪೂರ್ತಿ ಬಿಡಿಸುವುದು ಬೇಡ. ವಾರಕ್ಕೆ ಮೂರು ದಿನ ಈಜಿದರೆ ಉಸಿರಿನ ಶಕ್ತಿ ಸುಮಾರು ಒಂದು ತಿಂಗಳು ಉಳಿಯುತ್ತದೆ ಅಂತ ಈಜುಗಾರರ ಮೇಲೆಯೇ ನಡೆದ ಹಳೆಯ ಅಧ್ಯಯನ ಇದೆ. ಪೂರ್ತಿ ನಿಲ್ಲಿಸಿದವರಲ್ಲಿ ನೀರನ್ನು ತಳ್ಳುವ ಬಲ ನಾಲ್ಕೇ ವಾರದಲ್ಲಿ ಶೇಕಡಾ 13ಕ್ಕೂ ಮಿಕ್ಕಿ ಇಳಿದಿತ್ತು. ಹಾಗಾಗಿ ಪರೀಕ್ಷೆ ಹೊತ್ತಿಗೆ ಮೂರು ದಿನ, ದಿನಕ್ಕೆ 50 ನಿಮಿಷ ಸಾಕು. ಓದಿಗೂ ಅದು ಒಳ್ಳೆಯದೇ, ಮಗು ರಾತ್ರಿ ಚೆನ್ನಾಗಿ ಮಲಗುತ್ತದೆ.

ಕೊಳದ ಉದ್ದವನ್ನೂ ಮರೆಯಬಾರದು. 25 ಮೀಟರ್ ಕೊಳದಲ್ಲಿ 200 ಮೀಟರ್ ಈಜಲು ಏಳು ಸಲ ತಿರುಗಬೇಕು, ಏಳು ಸಲ ಗೋಡೆ ಒದೆಯಲು ಸಿಗುತ್ತದೆ. 50 ಮೀಟರ್ ಕೊಳದಲ್ಲಿ ಮೂರೇ ಸಲ. ಚಿಕ್ಕ ಕೊಳದಲ್ಲಿ ಬೆಳೆದ ಮಗು ದೊಡ್ಡ ಕೊಳಕ್ಕೆ ಹೋದಾಗ 30 ಮೀಟರ್ ದಾಟಿದ ಮೇಲೆ ಕೈ ಸೋಲುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ಗೋಡೆ ಬಂದೇ ಅಭ್ಯಾಸ. ಸ್ಪರ್ಧೆಗೆ ಮುಂಚಿನ ಐದು ವಾರದಲ್ಲಿ ಕೆಲವು ದಿನವಾದರೂ ಉದ್ದ ಕೊಳದಲ್ಲಿ ಈಜಿಸಬೇಕು, ಬೇರೆ ಊರಿಗೆ ಹೋಗಿಯಾದರೂ ಸರಿ.

ಇನ್ನು ನಿದ್ದೆ. ಧಾರವಾಡದಿಂದ ಹುಬ್ಬಳ್ಳಿಗೆ ಬೆಳಗ್ಗೆ ಚಿಗರಿ ಬಸ್ ಹತ್ತಿ ಅಭ್ಯಾಸಕ್ಕೆ ಬರುವ ಮಕ್ಕಳನ್ನು ನಾನು ನೋಡುತ್ತೇನೆ. 20 ಕಿಲೋಮೀಟರ್, ಸೀಟಿನಲ್ಲಿ ತಲೆ ತೂಗುತ್ತಿರುತ್ತದೆ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ಎಷ್ಟು ಚೆಂದದ ಪಟ್ಟಿ ಬರೆದರೂ ಅದು ಹಾಳೆಯ ಮೇಲೇ ಉಳಿಯುತ್ತದೆ. ಎದ್ದ ಕೂಡಲೇ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ದಿನಾ 60 ಇರುವುದು ಎರಡು ಮೂರು ದಿನ ಸತತವಾಗಿ 70 ಬಂದರೆ, ಜ್ವರ ಬರುವುದಿರಬಹುದು ಅಥವಾ ದಣಿವು ಇಳಿದಿಲ್ಲ. ಆ ದಿನ ಸೆಟ್ ಅರ್ಧ ಮಾಡಿ. ಇದಕ್ಕೆ ಯಂತ್ರ ಬೇಡ, ಗಡಿಯಾರ ಸಾಕು.

ಕೊಳ ನಡೆಸುವವರಿಗೂ ಒಂದು ಮಾತು ಹೇಳುವುದಿದೆ. 50 ಮೀಟರ್ ಉದ್ದ, 25 ಮೀಟರ್ ಅಗಲ, ಎರಡು ಮೀಟರ್ ಆಳದ ಕೊಳ ತುಂಬಲು 25 ಲಕ್ಷ ಲೀಟರ್ ನೀರು ಬೇಕು. ನಳಕ್ಕೆ ದಿನ ಎಣಿಸುವ ಊರಿನಲ್ಲಿ ಅದು ಎಷ್ಟು ದೊಡ್ಡ ವಿಷಯ ಅಂತ ನಮಗೆ ಗೊತ್ತು. ಸ್ವಚ್ಛತೆಗೆ, ಪಂಪ್ ರಿಪೇರಿಗೆ ಕೊಳ ಮುಚ್ಚಲೇಬೇಕು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಎರಡು ವರ್ಷದ ಹಿಂದೆ ನಾವು ಹೋಗುವ ಕೊಳ ರಾಜ್ಯ ಸ್ಪರ್ಧೆಗೆ 18 ದಿನ ಇರುವಾಗ ಮುಚ್ಚಿತು. ಮುಂಚೆ ಯಾರೂ ಹೇಳಿರಲಿಲ್ಲ, ಗೇಟಿಗೆ ಬೀಗ ನೋಡಿಯೇ ಗೊತ್ತಾಗಿದ್ದು. ಪ್ರತಿ ಹಂಗಾಮಿನಲ್ಲೂ ದೊಡ್ಡ ಸ್ಪರ್ಧೆ ಮುಗಿದ ಮೇಲೆ ಎರಡು ವಾರ ಮಕ್ಕಳು ನೀರಿಗೆ ಇಳಿಯಬಾರದು, ಇಳಿಯುವುದೂ ಇಲ್ಲ. ಭುಜಕ್ಕೂ ಮನಸ್ಸಿಗೂ ಆ ಬಿಡುವು ಬೇಕು. ರಿಪೇರಿಯನ್ನು ಆ ಎರಡು ವಾರಕ್ಕೆ ಇಟ್ಟುಕೊಂಡರೆ ಯಾರಿಗೂ ನಷ್ಟ ಇಲ್ಲ, ಒಂದು ರೂಪಾಯಿ ಹೆಚ್ಚು ಖರ್ಚೂ ಇಲ್ಲ. ತಾರೀಖನ್ನು ಎರಡು ತಿಂಗಳು ಮೊದಲೇ ಗೇಟಿಗೆ ಅಂಟಿಸಿ ಸಾಕು, ಅಡುಗೆಮನೆ ಕ್ಯಾಲೆಂಡರ್‌ಗೆ ಇಳಿಸಿಕೊಳ್ಳುವ ಕೆಲಸ ನಾವು ಮಾಡಿಕೊಳ್ಳುತ್ತೇವೆ.